ಕುದುರೆಯ ಹೊಟ್ಟೆ, ಕುದುರೆಯ ಕಾಲು

ಕೆಲವು ತಿಂಗಳ ಹಿಂದೆ ಪರಿಚಿತ ಗೃಹಸ್ಥರೊಬ್ಬರು ನಮ್ಮ ಮನೆಗೆ ಬಂದರು. "ಶಾಸ್ತ್ರಿಗಳೆ, ಹರಕೆಯೊಂದಿದೆ. ಮಠದ ಪಲ್ಲಕ್ಕಿ ಉತ್ಸವಕ್ಕೆ ಕುದುರೆ ಒಪ್ಪಿಸಬೇಕೆಂದಿದ್ದೇನೆ. ಯಾವ ಬಣ್ಣದ್ದು ಶ್ರೇಷ್ಠ?" ಎಂದು ಕೇಳಿದರು. "ಬಣ್ಣ ಆಮೇಲಾಗಲಿ, ದಿನವೂ ಅದರ ಗೊರಸು ಎತ್ತಿ ನೋಡುವವರು ಯಾರು?" ಎಂದು ನಾನು ಕೇಳಿದೆ. ಅವರು ಸುಮ್ಮನಾದರು. ಹೀಗೆ ಕೇಳಲು ನನಗೊಂದು ಕಾರಣವಿತ್ತು. ಅದನ್ನು ಹೇಳುವ ನೆಪದಲ್ಲಿ ಅಶ್ವಪಾಲನೆಯ ಮುಖ್ಯ ಸಂಗತಿಗಳನ್ನೂ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಬಣ್ಣ, ಸುಳಿಗಳ ವಿಚಾರ ನಮ್ಮಲ್ಲಿ ಹೊಸತಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದುಬಂದ ಅಶ್ವಶಾಸ್ತ್ರ ಇವನ್ನು ವಿಸ್ತಾರವಾಗಿ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆ ಏರಿ ಚೆಂಡಾಡುವ ವಿನೋದದ ವರ್ಣನೆಯೇ ಇದೆ. ಕನ್ನಡದಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಗ್ರಂಥ ಬರೆದನು. ಮಹಾಭಾರತದ ನಕುಲನಂತೂ ಅಜ್ಞಾತವಾಸದಲ್ಲಿ ಗ್ರಂಥಿಕನೆಂಬ ಹೆಸರು ಧರಿಸಿ ವಿರಾಟನ ಲಾಯವನ್ನೇ ನೋಡಿಕೊಂಡನು. ರಾಜಪುತ್ರನಿಗೆ ಅದು ಕೀಳು ಕೆಲಸವೆನಿಸಲಿಲ್ಲ. ಸುಳಿಯ ಶುಭಾಶುಭ ಒಡೆಯನ ಚಿಂತೆ. ಕುದುರೆಯ ಚಿಂತೆಯೆಲ್ಲ ತನ್ನ ಹೊಟ್ಟೆ ಮತ್ತು ಕಾಲುಗಳದ್ದು ಎಂಬುದು ನನ್ನ ಅಭಿಪ್ರಾಯ.

ಈ ಎರಡರ ಅರಿವಿಲ್ಲದೆ ದಕ್ಷಿಣದೇಶವು ಕಳೆದುಕೊಂಡ ಕುದುರೆಗಳಿಗೆ ಲೆಕ್ಕವಿಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಒಂದು ವಿಚಿತ್ರವನ್ನು ದಾಖಲಿಸಿದ್ದಾನೆ. ಅಲ್ಲಿನ ಅರಸರು ಹಡಗುಗಳಲ್ಲಿ ಬಂದ ಕುದುರೆಗಳಿಗೆ ಅಪಾರ ಹಣ ಸುರಿಯುತ್ತಿದ್ದರು. ಆದರೆ ಅವಕ್ಕೆ ಬೇಯಿಸಿದ ಅನ್ನವನ್ನೂ ಮಾಂಸವನ್ನೂ ತಿನ್ನಿಸುತ್ತಿದ್ದರು. ಉಪಚಾರ ಬಲ್ಲವರೂ ಅಲ್ಲಿರಲಿಲ್ಲ. ಕುದುರೆಗಳು ಸಾಯುತ್ತಿದ್ದವು, ವ್ಯಾಪಾರಿಗಳು ಮತ್ತೆ ತರುತ್ತಿದ್ದರು. ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಸ್ ಹೇಳುವಂತೆ, ನರಸಿಂಹರಾಯನು ಸಮುದ್ರದಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನು. ಬಾಲ ತಂದು ತೋರಿಸಿದರೆ ಸಾಕಾಗಿತ್ತು. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂದೂ ಆತನೇ ಬರೆದಿದ್ದಾನೆ.

ಇನ್ನು ನನ್ನ ಕಾರಣ. ನಾನು ಮಠವೊಂದರಲ್ಲಿ ಓದುತ್ತಿದ್ದ ಬಾಲ್ಯದಲ್ಲಿ ಅಲ್ಲೊಂದು ಬಿಳಿ ಕುದುರೆಯಿತ್ತು. ವರ್ಷವೆಲ್ಲ ಕಟ್ಟಿದಲ್ಲೇ ನಿಂತು ಒಣಹುಲ್ಲು ತಿನ್ನುತ್ತಿದ್ದ ಅದು ಜಾತ್ರೆಯ ದಿನ ಮಾತ್ರ ಜೂಲು ಹೊದ್ದು ಪಲ್ಲಕ್ಕಿಯ ಮುಂದೆ ನಡೆಯುತ್ತಿತ್ತು. ಅಂದು ಬಂದ ಭಕ್ತರೆಲ್ಲ ಕೈಯಾರೆ ಏನಾದರೂ ತಿನ್ನಿಸುವವರೇ. ಗೋಧಿಹುಗ್ಗಿ, ಕಡುಬು, ಬೆಲ್ಲ, ಬಾಳೆಹಣ್ಣು. ದಾಸೋಹದ ಪಾತ್ರೆಯಿಂದ ಎರಡು ಮುಷ್ಟಿ ಹುಗ್ಗಿ ತಂದು ಹಿಡಿದವರಲ್ಲಿ ನಾನೂ ಒಬ್ಬ. ಅದರ ತುಟಿ ಅಂಗೈಗೆ ತಾಗಿದ ಬಿಸುಪು ಇಂದಿಗೂ ನೆನಪಿದೆ. ರಾತ್ರಿ ಕುದುರೆ ನೆಲ ಕೆರೆಯತೊಡಗಿತು, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಂಡಿತು, ಬಿದ್ದು ಹೊರಳಾಡಿತು. ಯಾರೋ ಎತ್ತಿಗೆ ಮಾಡುವಂತೆ ಗೊಟ್ಟದಲ್ಲಿ ಎಣ್ಣೆ ಹುಯ್ದರು. ಅದು ಕೆಮ್ಮಿತು. ಬೆಳಗಿನ ಮೊದಲ ಬಸ್ಸಿಗೆ ಪಶುವೈದ್ಯರು ಬಂದಿಳಿದಾಗ ಮಾಡಲು ಏನೂ ಉಳಿದಿರಲಿಲ್ಲ. ದೃಷ್ಟಿ ತಾಗಿತೆಂದು ಎಲ್ಲರೂ ಹೇಳಿದರು. ಅದನ್ನು ಕೊಂದದ್ದು ನಮ್ಮ ಭಕ್ತಿಯೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಕುದುರೆ ಹುಲ್ಲು ತಿನ್ನುವ ಪ್ರಾಣಿಯಾದರೂ ಆಕಳಿನಂತೆ ಮೆಲುಕು ಹಾಕುವುದಿಲ್ಲ. ಅದರ ಜಠರ ದೇಹದ ಅಳತೆಗೆ ತೀರ ಚಿಕ್ಕದು, ಎಂಟರಿಂದ ಹದಿನೈದು ಲೀಟರು ಹಿಡಿಯುವಷ್ಟು. ಬಯಲಿನಲ್ಲಿ ಬಿಟ್ಟರೆ ಅದು ದಿನದ ಹೆಚ್ಚು ಭಾಗ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕುದುರೆಗೆ ವಾಂತಿ ಮಾಡಲು ಬಾರದು; ಹೆಚ್ಚಾಗಿ ಒಳಗೆ ಹೋದದ್ದು ಬಾಯಿಯಿಂದ ಹೊರಬರುವ ದಾರಿಯಿಲ್ಲ. ಧಾನ್ಯ, ಬೆಲ್ಲಗಳು ಅತಿಯಾದಾಗ ಅವು ಜೀರ್ಣವಾಗದೆ ದೊಡ್ಡ ಕರುಳಿಗೆ ಜಾರಿ ಅಲ್ಲಿ ಹುಳಿತು ವಾಯು ತುಂಬುತ್ತದೆ. ಇದೇ ಶೂಲೆ. ಅದರಿಂದ ಪಾರಾದ ಕುದುರೆಗೂ ಒಂದೆರಡು ದಿನದಲ್ಲಿ ಗೊರಸಿನೊಳಗೆ ಉರಿಯೂತ ಹುಟ್ಟಿ, ಕಾಯಂ ಕುಂಟಾಗುವುದುಂಟು. ಹೊಟ್ಟೆಯ ತಪ್ಪಿಗೆ ಕಾಲು ದಂಡ ತೆರುತ್ತದೆ.

ಆದುದರಿಂದ ಮೇವಿನ ಕ್ರಮವನ್ನು ಮನೆಯವರೆಲ್ಲರೂ ತಿಳಿದಿರಬೇಕು. ದೇಹತೂಕದ ನೂರಕ್ಕೆ ಎರಡು ಪಾಲು, ಅಂದರೆ 300 ಕಿಲೋ ತೂಗುವ ನಾಡ ಕುದುರೆಗೆ ಸುಮಾರು 6 ಕಿಲೋ ಒಣಮೇವು, ಮೂರು ನಾಲ್ಕು ಹೊತ್ತಿಗೆ ಹಂಚಿ ಹಾಕಬೇಕು. ಹುರುಳಿಗೆ ಇಂಗ್ಲಿಷರು ಕುದುರೆಯ ಕಾಳೆಂದೇ ಹೆಸರಿಟ್ಟರು; ನಮ್ಮವರು ಅದನ್ನು ಬೇಯಿಸಿ ದಾಣಿಯಾಗಿ ಇಡುತ್ತಾ ಬಂದಿದ್ದಾರೆ. ಅದು ಒಳ್ಳೆಯದೆ, ಆದರೆ ದುಡಿಮೆಗೆ ತಕ್ಕಷ್ಟು ಮಾತ್ರ. ಸುಮ್ಮನೆ ನಿಂತಿರುವ ಕುದುರೆಗೆ ಕಾಳು ಬಹುತೇಕ ಬೇಕಿಲ್ಲ. ಬರಿಯ ತೌಡು, ಬೂಸಾ ತಿನ್ನಿಸಿದರೆ ಸುಣ್ಣದ ಅಂಶ ಸಾಲದೆ ಮೂಳೆಗಳು ಮೆತ್ತಗಾಗಿ ಮುಖ ಉಬ್ಬುತ್ತದೆ. ಯಾವ ಮೇವನ್ನೇ ಆಗಲಿ ಒಮ್ಮೆಗೇ ಬದಲಿಸದೆ ವಾರ, ಹತ್ತು ದಿನಗಳಲ್ಲಿ ಮೆಲ್ಲನೆ ಬದಲಿಸಬೇಕು. ದಿನಕ್ಕೆ 25 ಲೀಟರಿಗೆ ಕಡಿಮೆಯಿಲ್ಲದಷ್ಟು ಶುದ್ಧ ನೀರು, ನೆಕ್ಕಲು ಉಪ್ಪಿನ ಹರಳು ಇರಲಿ.

ಶೂಲೆಯ ಗುರುತುಗಳನ್ನು ಮೇಲೆಯೇ ಹೇಳಿದ್ದೇನೆ. ಬೆವರು, ಲದ್ದಿ ಹಾಕದಿರುವುದು, ಮೇವು ಬಿಡುವುದು ಇವನ್ನೂ ಸೇರಿಸಿಕೊಳ್ಳಬೇಕು. ದವಡೆಯ ಮೂಳೆಯ ಅಡಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಬಡಿತ ಸಹಜ, 60 ದಾಟಿದರೆ ಅಪಾಯ. ಪಕ್ಕೆಗೆ ಕಿವಿಯಿಟ್ಟಾಗ ಗುಡುಗುಡು ಸದ್ದು ಕೇಳಬೇಕು. ಮೌನವಿದ್ದರೆ ಕೆಟ್ಟ ಸೂಚನೆ. ಕೂಡಲೇ ಮೇವು ತೆಗೆದು ವೈದ್ಯರಿಗೆ ಹೇಳಿಕಳುಹಿಸಬೇಕು. ಅವರು ಬರುವವರೆಗೆ, ಕುದುರೆ ಒಪ್ಪಿದರೆ, ಮೆಲ್ಲನೆ ನಡೆಸಬಹುದು. ಗೊಟ್ಟವನ್ನಂತೂ ಮುಟ್ಟಲೇಬಾರದು: ಬಾಯಿಗೆ ಹುಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಎರಡನೆಯ ಮೃತ್ಯು ಸಿದ್ಧವಾಗುತ್ತದೆ. ವೈದ್ಯರು ಮೂಗಿನ ಮೂಲಕ ಜಠರಕ್ಕೇ ನಳಿಗೆ ಇಳಿಸಿ ಔಷಧ ಕೊಡುತ್ತಾರೆ.

ಕಾಲಿನ ಮಾತು. ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುವುದರಿಂದ ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮಮಾಡಿಸಬೇಕು. ಲಾಳ ಕಟ್ಟಿಸಿದ್ದರೂ ಬಿಚ್ಚಿ ಸರಿಪಡಿಸಿ ಮತ್ತೆ ಕಟ್ಟಿಸಬೇಕು. ದಿನವೂ ನಾಲ್ಕು ಗೊರಸುಗಳನ್ನೂ ಎತ್ತಿ ಕಲ್ಲು, ಲದ್ದಿ ಕೆದಕಿ ತೆಗೆಯಬೇಕು. ಅಡಿಯಲ್ಲಿರುವ ಮೆತ್ತನೆಯ ತ್ರಿಕೋನ ಭಾಗ ನಾರತೊಡಗಿದರೆ ಲಾಯದ ನೆಲ ಒದ್ದೆಯಿದೆಯೆಂದೇ ಅರ್ಥ. ಮೊಳೆ ಚುಚ್ಚಿದ ಗಾಯದಿಂದ ಧನುರ್ವಾಯು ಬರುವ ಭಯ ಕುದುರೆಗೆ ಉಳಿದ ಸಾಕುಪ್ರಾಣಿಗಳಿಗಿಂತ ಹೆಚ್ಚು; ಅದಕ್ಕೆ ಲಸಿಕೆ ಹಾಕಿಸಲೇಬೇಕು. ಮನುಷ್ಯರಿಗೂ ಅಂಟುವ ಗ್ಲ್ಯಾಂಡರ್ಸ್ ರೋಗವಿಲ್ಲವೆಂದು ಕೊಳ್ಳುವ ಮುನ್ನವೇ ರಕ್ತ ಪರೀಕ್ಷೆ ಮಾಡಿಸುವುದು ಕ್ಷೇಮ.

ಸವಾರಿಯ ಬಗ್ಗೆ ಹೆಚ್ಚು ಬರೆಯಲು ನಾನು ರಾವುತನಲ್ಲ. ಅಮರಕೋಶವು ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಐದು ನಡೆಗಳನ್ನು ಹೇಳುತ್ತದೆ. ಮಕ್ಕಳು ಮೊದಲು ಬರಿಯ ನಡಿಗೆಯಲ್ಲಿ ಕುಳಿತು ಕಲಿತರೆ ಸಾಕು, ನಾಗಾಲೋಟ ಎಲ್ಲಿಯೂ ಓಡಿಹೋಗುವುದಿಲ್ಲ. ಕುದುರೆಗೆ ನೇರ ಬೆನ್ನ ಹಿಂದಿನದು ಕಾಣುವುದಿಲ್ಲವಾದ್ದರಿಂದ ಮಾತನಾಡಿಸುತ್ತ ಹೆಗಲ ಕಡೆಯಿಂದ ಹತ್ತಿರ ಹೋಗಬೇಕು, ಎಡಗಡೆಯಿಂದ ಏರಬೇಕು. ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲು ಮೀರಬಾರದು. ಜಾತ್ರೆಗಳಲ್ಲಿ ಚಿಕ್ಕ ಕುದುರೆಯ ಮೇಲೆ ಭಾರಿ ಆಸಾಮಿಗಳು ಕುಳಿತು ಪೇಟ ಸರಿಪಡಿಸಿಕೊಳ್ಳುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಐದು ವರ್ಷಕ್ಕೆ ಮುಂದಿನ ಹಾಲುಹಲ್ಲುಗಳೆಲ್ಲ ಹೋಗಿ ಬಾಯಿ ತುಂಬುತ್ತದೆ. ಹಲ್ಲು ನೋಡಿಯೇ ವಯಸ್ಸು ತಿಳಿಯಬಹುದು. ನಾಲ್ಕು ತುಂಬದ ಮರಿಯ ಬೆನ್ನಿಗೆ ಭಾರ ಹೇರುವುದು ಬೇಡ.

ಆ ಗೃಹಸ್ಥರು ಇನ್ನೂ ಕುದುರೆ ಕೊಂಡಿಲ್ಲ. ಮಠದ ಹಿತ್ತಲಿನಲ್ಲಿ ಲಾಯದ ನೆಲವನ್ನು ಎತ್ತರಿಸಿ ನೀರು ಹರಿದುಹೋಗುವಂತೆ ಮಾಡಿಸುತ್ತಿದ್ದಾರೆ. ದಿನವೂ ಅದನ್ನು ಬಯಲಿಗೆ ಒಯ್ದು ಅಡ್ಡಾಡಿಸುವ ಒಬ್ಬ ಆಳನ್ನೂ ಹುಡುಕುತ್ತಿದ್ದಾರೆ. ಜಾತ್ರೆಯ ದಿನ ಕುದುರೆಯ ಬಳಿ ಒಂದು ಬುಟ್ಟಿ ಹಸಿ ಗರಿಕೆಯನ್ನು ಇರಿಸಿ, ತಿನ್ನಿಸಬಯಸುವ ಭಕ್ತರಿಗೆ ನಾಲ್ಕು ನಾಲ್ಕು ಎಳೆಗಳನ್ನಷ್ಟೇ ಕೊಡುವುದೆಂದು ಗೊತ್ತಾಗಿದೆ. ಬುಟ್ಟಿಯ ಪಕ್ಕದಲ್ಲಿ ನಿಲ್ಲಲು ಒಬ್ಬರು ಬೇಕೆಂದಾಗ ನಾನೇ ಒಪ್ಪಿಕೊಂಡಿದ್ದೇನೆ.