ಅನುಕರಣೆಯೂ ಸ್ಫೂರ್ತಿಯೂ

ಸಂಚಿಕೆಗೆಂದು ವಿದ್ಯಾರ್ಥಿಗಳು ತಂದುಕೊಡುವ ಕವನಗಳಲ್ಲಿ ಕೆಲವು ಪಠ್ಯಪುಸ್ತಕದ ಪದ್ಯಗಳ ನಕಲುಗಳಾಗಿರುತ್ತವೆ. ನಾವು ಅವನ್ನು ಹಿಂದಿರುಗಿಸಿದಾಗ, "ಹಾಗಾದರೆ ಇನ್ನೊಬ್ಬರದನ್ನು ಓದಿ ಬರೆಯಲೇಬಾರದೇ?" ಎಂದು ಕೇಳುವವರುಂಟು. ಧಾರಾಳವಾಗಿ ಬರೆಯಬಹುದು. ಅದಕ್ಕೆ ನಿದರ್ಶನಗಳು ನಮ್ಮ ಬಂದ್ಯೋಡಿನ ಎರಡು ಮಗ್ಗುಲಲ್ಲೇ ಇವೆ.

ದಕ್ಷಿಣಕ್ಕೆ ಕುಂಬಳೆ. ಅಲ್ಲಿಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರಾಮಾಯಣ ಪ್ರಸಂಗಗಳು ಕುಮಾರ ವಾಲ್ಮೀಕಿಯ 'ತೊರವೆ ರಾಮಾಯಣ'ಕ್ಕೆ ಋಣಿಯಾಗಿವೆ. ಆದರೆ ಷಟ್ಪದಿಯಲ್ಲಿದ್ದ ಕಥೆ ಇಲ್ಲಿ ಚೆಂಡೆಮದ್ದಳೆಯೊಡನೆ ಹಾಡಿ ಕುಣಿಯುವ ಪದಗಳಾಯಿತು. ಆ ಪದಗಳಿಗೆ ಅರ್ಥಧಾರಿಗಳು ಆಗಲೇ ಹೊಳೆದ ಮಾತುಗಳಲ್ಲಿ ಅರ್ಥ ಹೇಳುತ್ತಾರೆ.

ಉತ್ತರಕ್ಕೆ ಮಂಜೇಶ್ವರ. ಅಲ್ಲಿ ಬಾಳಿದ ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಬೈಬಲಿನ ಕಥೆಯನ್ನೆತ್ತಿಕೊಂಡು, ಏಸುವಿನ ಕಡೆಯ ದಿನವನ್ನು 'ಗೊಲ್ಗೊಥಾ' ಎಂಬ ಕನ್ನಡ ಖಂಡಕಾವ್ಯವಾಗಿಸಿದರು.

ಇವರು ಪಡೆದುದನ್ನು ಮರೆಮಾಡಲಿಲ್ಲ. ಪಡೆದುದಕ್ಕೆ ತಮ್ಮದನ್ನೂ ಕೂಡಿಸಿದರು. ನಕಲು ಮಾಡುವವನು ಏನನ್ನೂ ಕೂಡಿಸುವುದಿಲ್ಲ. ಗಡಿನಾಡಿನಲ್ಲಿ ಕನ್ನಡ ಉಳಿಯಲು ಬರಿಯ ಕಂಠಪಾಠ ಸಾಲದು. ಹೊಸದಾಗಿ ಬರೆಯುವವರು ಬೇಕು. ಆಟ ನೋಡಿ ಬಂದ ಮರುದಿನ, ಮನಸ್ಸಿಗೆ ಹಿಡಿದ ಪಾತ್ರವೊಂದರ ಕುರಿತು ನಿಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ. ಕೆಳಗೆ ಪ್ರಸಂಗದ ಹೆಸರನ್ನೂ ಕಾಣಿಸಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಸ್ಥಳವಿದೆ.