ಗುಣಕ ತತ್ತ್ವವೂ ಸಮಷ್ಟಿ ಅರ್ಥಶಾಸ್ತ್ರದ ಉನ್ನತ ವ್ಯಾಸಂಗವೂ

ಒಂದು ಮನೆಯ ಅಥವಾ ಒಂದು ಅಂಗಡಿಯ ಆಯವ್ಯಯಗಳನ್ನು ವಿಚಾರಿಸುವ ಶಾಸ್ತ್ರಭಾಗಕ್ಕೆ ವ್ಯಷ್ಟಿ ಅರ್ಥಶಾಸ್ತ್ರವೆಂದೂ, ಇಡೀ ದೇಶದ ಉತ್ಪನ್ನ, ಉದ್ಯೋಗ, ಬೆಲೆಗಳ ಮಟ್ಟ, ಬಡ್ಡಿ ಇವುಗಳನ್ನು ಒಟ್ಟಾಗಿ ವಿಚಾರಿಸುವ ಭಾಗಕ್ಕೆ ಸಮಷ್ಟಿ ಅರ್ಥಶಾಸ್ತ್ರವೆಂದೂ ಹೆಸರು. ಇವೆರಡಕ್ಕೂ ಇರುವ ಭೇದವು ಕೇವಲ ಗಾತ್ರದ್ದಲ್ಲ. ಒಂದು ಮನೆಯವರು ವೆಚ್ಚವನ್ನು ತಗ್ಗಿಸಿದರೆ ಅವರ ಉಳಿತಾಯವು ಹೆಚ್ಚುವುದು. ಎಲ್ಲ ಮನೆಯವರೂ ಏಕಕಾಲದಲ್ಲಿ ಹಾಗೆಯೇ ಮಾಡಿದರೆ, ಒಬ್ಬರ ವೆಚ್ಚವೇ ಮತ್ತೊಬ್ಬರ ಆದಾಯವಾದುದರಿಂದ, ಎಲ್ಲರ ಆದಾಯವೂ ಕುಗ್ಗಿ ಒಟ್ಟು ಉಳಿತಾಯವು ಹೆಚ್ಚದೆಯೇ ಹೋಗಬಹುದು. ಬಿಡಿಯಲ್ಲಿ ಸತ್ಯವಾದುದು ಇಡಿಯಲ್ಲಿಯೂ ಸತ್ಯವಾಗಬೇಕೆಂಬ ನಿಯಮವಿಲ್ಲ.

ಈ ಶಾಸ್ತ್ರವನ್ನು ಡಾಕ್ಟರೇಟ್ ಮಟ್ಟದಲ್ಲಿ ವ್ಯಾಸಂಗ ಮಾಡುವವರು ಪದವಿ ತರಗತಿಗಳಲ್ಲಿ ಕಲಿತುದಕ್ಕಿಂತ ಹೆಚ್ಚಾಗಿ ಕಲಿಯುವುದೇನು ಎಂಬ ಪ್ರಶ್ನೆ ಸಹಜವಾದುದು. ಗಣಿತವು ಹೆಚ್ಚುವುದೆಂಬುದು ಸಾಮಾನ್ಯವಾದ ಉತ್ತರ. ಅದು ನಿಜವೇ ಆದರೂ ಪೂರ್ಣವಾದುದಲ್ಲ. ಪದವಿಯ ವಿದ್ಯಾರ್ಥಿಯು ಸಿದ್ಧಾಂತಗಳ ನಿರ್ಣಯಗಳನ್ನು ಕಲಿಯುತ್ತಾನೆ. ಸಂಶೋಧಕನಾದರೋ ಆ ನಿರ್ಣಯಗಳು ಯಾವ ಯಾವ ಊಹೆಗಳ ಮೇಲೆ ನಿಂತಿವೆ, ಊಹೆ ತಪ್ಪಿದೆಡೆಯಲ್ಲಿ ಅವುಗಳ ಗತಿಯೇನು ಎಂಬುದನ್ನು ಪರೀಕ್ಷಿಸಲು ಕಲಿಯತಕ್ಕದ್ದು. ಇದನ್ನು ಬೆಂಗಳೂರಿನ ಪೂರ್ವದಿಕ್ಕಿನ ಹೂಡಿಯ ದೃಷ್ಟಾಂತದಿಂದ ವಿಶದಪಡಿಸಬಹುದು.

ಹೂಡಿಯು ಕೃಷ್ಣರಾಜಪುರಕ್ಕೂ ವೈಟ್‌ಫೀಲ್ಡಿಗೂ ನಡುವೆ ಇರುವ ಹಳೆಯ ಗ್ರಾಮ. ಕೈಗಾರಿಕೆಗಳು ಇದರ ಸುತ್ತ ಬೆಳೆದುವು. 1994ರಲ್ಲಿ ಭಾರತ ಸಿಂಗಪುರಗಳ ಜಂಟಿ ಉದ್ಯಮವಾಗಿ ವೈಟ್‌ಫೀಲ್ಡಿನಲ್ಲಿ ತಂತ್ರಜ್ಞಾನ ಉದ್ಯಾನವು ಸ್ಥಾಪಿತವಾಯಿತು. 2023ರಲ್ಲಿ ಮೆಟ್ರೋ ರೈಲು ಬಂದಿತು. ಇಲ್ಲಿ ಕಟ್ಟಡವೊಂದನ್ನು ಕಟ್ಟಿಸುವವನು ಕೂಲಿಯಾಗಿ 100 ರೂಪಾಯಿಗಳನ್ನು ಕೊಟ್ಟನೆಂದು ಭಾವಿಸೋಣ. ಪಡೆದವರು ಪ್ರತಿ ರೂಪಾಯಿಯಲ್ಲಿ ಮುಕ್ಕಾಲನ್ನು ವೆಚ್ಚಮಾಡಿ ಕಾಲನ್ನು ಉಳಿಸುವರಾದರೆ, 75 ರೂಪಾಯಿಗಳು ದಿನಸಿ ಅಂಗಡಿಯವನಿಗೂ ಖಾನಾವಳಿಯವನಿಗೂ ಆದಾಯವಾಗುವುವು. ಅವರೂ ಅದೇ ಪ್ರಮಾಣದಲ್ಲಿ ವೆಚ್ಚಮಾಡಿದರೆ 56 ರೂಪಾಯಿ 25 ಪೈಸೆ ಬೇರೆಯವರನ್ನು ಸೇರುವುದು. ಹೀಗೆ ಇಳಿಯುತ್ತ ಹೋಗುವ ಈ ಶ್ರೇಣಿಯನ್ನೆಲ್ಲ ಕೂಡಿಸಿದರೆ 400 ರೂಪಾಯಿಗಳಾಗುವುದು. ಮೊದಲ ವೆಚ್ಚವು ಎಷ್ಟು ಮಡಿಯಾಯಿತೆಂಬುದನ್ನು ತಿಳಿಸುವ ಸಂಖ್ಯೆಗೆ ಗುಣಕವೆಂದು ಹೆಸರು. ಇಲ್ಲಿ ಅದು 4. ಈ ವಿಚಾರವನ್ನು 1931ರಲ್ಲಿ ರಿಚರ್ಡ್ ಕಾನ್ ನಿರೂಪಿಸಿದನು. 1936ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಕೇನ್ಸನು ಅದನ್ನು ಉದ್ಯೋಗ ಸಿದ್ಧಾಂತಕ್ಕೆ ಆಧಾರಸ್ತಂಭಗಳಲ್ಲೊಂದನ್ನಾಗಿ ಮಾಡಿದನು.

ಲೆಕ್ಕದಲ್ಲಿ ದೋಷವಿಲ್ಲ. ಆದರೆ 400 ರೂಪಾಯಿಗಳ ಆದಾಯವೆಂದರೆ ಅಷ್ಟು ಬೆಲೆಯ ಹೊಸ ಪದಾರ್ಥಗಳು ಉತ್ಪನ್ನವಾದುವೆಂದೇ ಅರ್ಥವೋ, ಇದ್ದ ಪದಾರ್ಥಗಳ ಬೆಲೆಯೇ ಏರಿತೋ? ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದವರಲ್ಲಿ ಪ್ರಮುಖರು ಡಾಕ್ಟರ್ ವಿ. ಕೆ. ಆರ್. ವಿ. ರಾವ್ ಅವರು. 1908ರಲ್ಲಿ ಕಾಂಚೀಪುರದಲ್ಲಿ ಜನಿಸಿದ ಇವರು ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮಾಡಿ, ಭಾರತದ ರಾಷ್ಟ್ರೀಯ ಆದಾಯವನ್ನು ಕುರಿತ ಪ್ರಬಂಧಕ್ಕಾಗಿ ಡಾಕ್ಟರೇಟನ್ನು ಪಡೆದರು. ಕೇನ್ಸನ ಸಿದ್ಧಾಂತವು ರೂಪುಗೊಂಡ ಸ್ಥಳದಲ್ಲಿಯೇ ಕಲಿತುಬಂದವರು, 1952ರ ತಮ್ಮ ಲೇಖನದಲ್ಲಿ, ಆ ಸಿದ್ಧಾಂತದ ಗುಣಕವು ಹಿಂದುಳಿದ ದೇಶಗಳಲ್ಲಿ ಹೇಳಿದಂತೆ ವರ್ತಿಸದೆಂದು ವಾದಿಸಿದರು.

ಅವರ ವಾದದ ಸಾರವಿದು. ಗುಣಕವು ನಿಜವಾದ ಉತ್ಪನ್ನವನ್ನು ಹೆಚ್ಚಿಸಬೇಕಾದರೆ ಕೆಲಸಕ್ಕಾಗಿ ಕಾದಿರುವ ನಿರುದ್ಯೋಗಿಗಳೂ, ಅನುಭೋಗ ವಸ್ತುಗಳ ಕಾರ್ಖಾನೆಗಳಲ್ಲಿ ಬಿಡುವಾಗಿ ನಿಂತ ಯಂತ್ರಗಳೂ, ಬೇಡಿಕೆಗೆ ತಕ್ಕಂತೆ ದೊರೆಯುವ ಬಂಡವಾಳವೂ ಇರಬೇಕು. ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಇಂಗ್ಲೆಂಡಿನಲ್ಲಿ ಇವು ಇದ್ದುವು. ಅಂದಿನ ಭಾರತದಲ್ಲಾದರೋ ಹೆಚ್ಚಿನವರು ಸ್ವಂತ ಹೊಲದಲ್ಲಿ ದುಡಿಯುವವರು. ಅವರ ನಿರುದ್ಯೋಗವು ಮರೆಯಾಗಿರುವಂಥದು. ಕೈಗೆ ಹಣ ಬಂದವನು ಮೊದಲು ಬಯಸುವುದು ಧಾನ್ಯವನ್ನು. ಧಾನ್ಯದ ಬೆಳೆಯು ಕೂಡಲೇ ಹೆಚ್ಚದು. ರೈತನು ಅನುಕೂಲಸ್ಥನಾದಂತೆ ತಾನು ಬೆಳೆದುದನ್ನು ತಾನೇ ಹೆಚ್ಚಾಗಿ ಉಣ್ಣುವುದರಿಂದ ಪೇಟೆಗೆ ಬರುವ ಧಾನ್ಯವು ಕಡಮೆಯೂ ಆಗಬಹುದು. ಆದುದರಿಂದ ಹಣದ ಆದಾಯವು ಬೆಳೆಯುವುದು, ಅದರೊಂದಿಗೆ ಬೆಲೆಯೂ ಏರುವುದು. ಉತ್ಪನ್ನವು ಆ ಪ್ರಮಾಣದಲ್ಲಿ ಬೆಳೆಯದು.

ಇಲ್ಲಿ ಒಂದು ಶಂಕೆ ಹುಟ್ಟಬಹುದು: ಇಂದಿನ ಹೂಡಿಯು 1952ರ ಹಳ್ಳಿಯಲ್ಲವಷ್ಟೆ, ಅಲ್ಲಿ ಈ ವಾದಕ್ಕೆ ಏನು ಪ್ರಸಕ್ತಿ? ಸಮಾಧಾನವೇನೆಂದರೆ, ಉಳಿದಿರುವುದು ವಾದದ ನಿರ್ಣಯವಲ್ಲ, ಅದರ ವಿಧಾನ. ಅಕ್ಕಿ ಬೇಳೆಗಳು ಇಂದು ಬೇಕಾದಷ್ಟು ಹೂಡಿಗೆ ಹೊರಗಿನಿಂದ ಬರುವುವು. ಆ ಭಾಗದಲ್ಲಿ ವೆಚ್ಚವು ಬೇರೆ ಊರಿನವರ ಆದಾಯವಾಗಿ ಹರಿದುಹೋಗುವುದು. ಆದರೆ ನೆಲವನ್ನು ಹೊರಗಿನಿಂದ ತರಿಸಲಾಗದು; ಆ ಭಾಗದ ಬೇಡಿಕೆಯು ಬಾಡಿಗೆಯಾಗಿ ಏರುವುದು. ನೀರೂ ಹಾಗೆಯೇ. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಅನೇಕವು ಬತ್ತಿದಾಗ ಟ್ಯಾಂಕರ್ ನೀರಿನ ಬೆಲೆಯೇರಿ, ಸರ್ಕಾರದವರು ದರವನ್ನು ಗೊತ್ತುಮಾಡಬೇಕಾಯಿತು. ಅಂದು ಧಾನ್ಯಕ್ಕಿದ್ದ ಸ್ಥಾನವನ್ನು ಇಲ್ಲಿ ನೆಲವೂ ನೀರೂ ಪಡೆದಿವೆ. ಯಾವ ವಸ್ತುವಿನ ಪೂರೈಕೆಯು ಹಿಗ್ಗುವುದು, ಯಾವುದರದು ಹಿಗ್ಗದು ಎಂದು ವಿಂಗಡಿಸಿ ನೋಡದೆ ಗುಣಕದ ಸಂಖ್ಯೆಯನ್ನು ಹೇಳುವುದು ವ್ಯರ್ಥ.

ಈಚಿನ ಸಿದ್ಧಾಂತಗಳನ್ನೂ ಇದೇ ರೀತಿಯಲ್ಲಿ ಓದತಕ್ಕದ್ದು. ಇಂದಿನ ಸಂಶೋಧನ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿ ಕಲಿಯುವ ಮಾದರಿಗಳಿಗೆ 1928ರಲ್ಲಿ ರಾಮ್ಸೆಯು ಉಳಿತಾಯವನ್ನು ಕುರಿತು ಬರೆದ ಲೇಖನವು ಒಂದು ಮೂಲ. ಅವುಗಳಲ್ಲಿ ಇಡೀ ದೇಶಕ್ಕೆ ಪ್ರತಿನಿಧಿಯಾದ ಒಂದು ಕುಟುಂಬವನ್ನು ಕಲ್ಪಿಸಿ, ಅದು ಇಂದಿನ ಸುಖವನ್ನೂ ನಾಳಿನ ಸುಖವನ್ನೂ ತೂಗಿನೋಡಿ, ಬೇಕಾದಾಗ ಸಾಲಮಾಡಿ, ಬೇಕಾದಾಗ ಉಳಿಸುವುದೆಂದು ಭಾವಿಸಲಾಗುತ್ತದೆ. ಸರ್ಕಾರದ ನೀತಿ ಬದಲಾದರೆ ಜನರ ನಡೆವಳಿಕೆಯೂ ಬದಲಾಗುವುದರಿಂದ ಹಳೆಯ ಅಂಕಿಗಳ ಸಂಬಂಧವನ್ನೇ ನಂಬಿ ನೀತಿಯನ್ನು ನಿರ್ಣಯಿಸಲಾಗದೆಂದು 1976ರಲ್ಲಿ ರಾಬರ್ಟ್ ಲೂಕಾಸ್ ತೋರಿಸಿದ ಮೇಲೆ ಈ ಮಾರ್ಗವು ಬಲಗೊಂಡಿತು.

ಈ ಪ್ರತಿನಿಧಿಯನ್ನು ಹೂಡಿಯಲ್ಲಿ ಹುಡುಕಿದರೆ ತೊಡಕು ತಿಳಿಯುವುದು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯವರೆಗೆ ರಿಸರ್ವ್ ಬ್ಯಾಂಕು ತನ್ನ ರೆಪೋ ದರವನ್ನು ಶೇಕಡ 4ರಿಂದ 6.5ಕ್ಕೆ ಏರಿಸಿತು. ಸಾಲದಿಂದ ಮನೆ ಕೊಂಡ ಸಾಫ್ಟ್‌ವೇರ್ ಉದ್ಯೋಗಿಗೆ ಇದರಿಂದ ತಿಂಗಳ ಕಂತೋ, ಕಂತುಗಳ ಸಂಖ್ಯೆಯೋ ಹೆಚ್ಚುವುದು. ರಾಯಚೂರು ಯಾದಗಿರಿಗಳ ಕಡೆಯಿಂದ ಬಂದು ತಗಡಿನ ಶೆಡ್ಡಿನಲ್ಲಿರುವ ಗಾರೆ ಕೆಲಸದವನಿಗೆ ಬ್ಯಾಂಕಿನ ಸಾಲವಿಲ್ಲದಿದ್ದರೆ ಕಂತಿನ ಮಾತೇ ಇಲ್ಲ. ಆದರೆ ಮನೆಗಳ ಮಾರಾಟ ಕುಗ್ಗಿ ಕಟ್ಟಡ ನಿಂತಿತೆಂದರೆ ಅವನ ಕೂಲಿಯೇ ನಿಲ್ಲುವುದು. ಒಂದೇ ದರವು ಇಬ್ಬರನ್ನು ಬೇರೆ ಬೇರೆ ದಾರಿಯಿಂದ ಮುಟ್ಟುವುದು; ಇಬ್ಬರ ಸರಾಸರಿಯು ಇಬ್ಬರಲ್ಲಿ ಯಾರೊಬ್ಬರೂ ಅಲ್ಲ. ಈ ಭೇದವನ್ನು ಗಣಿತದಲ್ಲಿಯೇ ಅಳವಡಿಸುವ ಮಾದರಿಗಳನ್ನು ಕಪ್ಲಾನ್, ಮಾಲ್, ವಿಯೊಲಾಂಟೆ ಎಂಬವರ 2018ರ ಲೇಖನವೇ ಮೊದಲಾದ ಬರಹಗಳಲ್ಲಿ ಕಾಣಬಹುದು. ಗಣಿತವು ಅಲ್ಲಿ ಹೆಚ್ಚು ಕಠಿಣವಾದುದು ವೈಭವಕ್ಕಾಗಿ ಅಲ್ಲ; ಬಿಟ್ಟುಹೋದ ಮನುಷ್ಯನನ್ನು ಲೆಕ್ಕಕ್ಕೆ ತರುವುದಕ್ಕಾಗಿ.

ರಾವ್ ಅವರು 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸನ್ನೂ, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನೂ ಸ್ಥಾಪಿಸಿದರು. ನಾಗರಬಾವಿಯಲ್ಲಿರುವ ಈ ಎರಡನೆಯ ಸಂಸ್ಥೆಯಲ್ಲಿ ಡಾಕ್ಟರೇಟ್ ವ್ಯಾಸಂಗವು ನಡೆಯುತ್ತಿದೆ. ಅಂಥಲ್ಲಿ ಕಲಿಯುವವನಿಗೆ ಅವರ ನಡೆಯಿಂದ ದೊರೆಯುವ ಪಾಠವು ಎರಡು ಬಗೆಯದು. ಪರದೇಶದ ಸಿದ್ಧಾಂತವೆಂದು ಓದದೆಯೇ ತಳ್ಳಿದವನಿಗೆ ಅದರ ದೋಷವನ್ನು ತೋರಿಸುವ ಶಕ್ತಿಯೇ ಬರುವುದಿಲ್ಲ. ರಾವ್ ಅವರು ಕೇನ್ಸನನ್ನು ಪೂರ್ಣವಾಗಿ ಕಲಿತುದರಿಂದಲೇ ಅವನ ಊಹೆಗಳನ್ನು ಎಣಿಸಿ ಹೇಳಬಲ್ಲವರಾದರು. ಓದಿದುದನ್ನೆಲ್ಲ ಹಾಗೆಯೇ ಒಪ್ಪಿದವನಾದರೋ, ಉತ್ಪನ್ನ ಹೆಚ್ಚುವುದೆಂದು ನಂಬಿ ಹಣವನ್ನು ಹೆಚ್ಚಿಸುವ ಸಲಹೆ ಕೊಟ್ಟಾನು. ಆ ತಪ್ಪಿನ ಬೆಲೆಯನ್ನು ಸಲಹೆಗಾರನು ತೆರುವುದಿಲ್ಲ, ದಿನಗೂಲಿಯಿಂದ ಅಕ್ಕಿಯನ್ನೂ ನೀರನ್ನೂ ಕೊಳ್ಳುವವನು ತೆರುತ್ತಾನೆ.