ಋಣಾದಾನದಲ್ಲಿ ಮೂಲನಾಶಶಂಕೆ

ಧರ್ಮಶಾಸ್ತ್ರಕಾರರು ಪರಿಗಣಿಸಿರುವ ೧೮ ವ್ಯವಹಾರಪದಗಳಲ್ಲಿ ಋಣಾದಾನವು ಮೊದಲನೆಯದು. ಸಾಲವನ್ನು ಯಾವ ಆಧಾರದ ಮೇಲೆ ಕೊಡಬೇಕು, ಎಷ್ಟು ಬಡ್ಡಿಯನ್ನು ಕೇಳಬಹುದು, ಕೊಟ್ಟುದನ್ನು ಯಾವ ಕ್ರಮದಿಂದ ಹಿಂದಕ್ಕೆ ಪಡೆಯಬೇಕು ಎಂಬಿವೆಲ್ಲವೂ ಈ ಪ್ರಕರಣದಲ್ಲಿ ಅಡಕವಾಗಿವೆ. ಆದರೂ ಸಾಹಿತ್ಯಾಭ್ಯಾಸಿಗಳು ಇದನ್ನು ಕೇವಲ ಲೇವಾದೇವಿಯ ಮಾತೆಂದು ಬದಿಗಿಡುವುದೇ ಹೆಚ್ಚು. ಪಾಠಶಾಲೆಯಲ್ಲಿ ವ್ಯವಹಾರಾಧ್ಯಾಯವನ್ನು ಓದುತ್ತಿದ್ದಾಗ ನಾನೂ ಬಡ್ಡಿಯ ಅಂಕೆಗಳನ್ನು ಕಂಠಸ್ಥ ಮಾಡಿಕೊಂಡೆನೇ ಹೊರತು ಆ ಅಂಕೆಗಳು ಹಾಗೇಕಿವೆಯೆಂದು ವಿಚಾರಿಸಲಿಲ್ಲ. ಬಡ್ಡಿಯೆಂಬುದು ಯಾವುದರ ಬೆಲೆ? ಕೊಟ್ಟ ಸಾಲವು ಬಾರದೆ ಹೋದೀತೆಂಬ ಭಯವನ್ನು ಯಾರು ಹೊರಬೇಕು? ಈ ಎರಡು ಪ್ರಶ್ನೆಗಳನ್ನಿಟ್ಟುಕೊಂಡು ಪ್ರಕರಣವನ್ನು ಮತ್ತೊಮ್ಮೆ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರದಲ್ಲಿ ನಮಗೆ ಮುಖ್ಯ ಮಾರ್ಗದರ್ಶಕನು ವಿಜ್ಞಾನೇಶ್ವರನು. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ಮಿತಾಕ್ಷರೆಯೆಂಬ ವ್ಯಾಖ್ಯಾನವು ಕಲ್ಯಾಣದ ಚಾಳುಕ್ಯರಲ್ಲಿ ಕ್ರಿ. ಶ. ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವಾಗಿರುವ ಆ ರಾಜಧಾನಿಯಲ್ಲಿ ಹುಟ್ಟಿತು. ವಣಿಜರ ಸಂಚಾರವಿದ್ದ ರಾಜಧಾನಿಯಲ್ಲಿ ಕುಳಿತು ಬರೆದವನಾದುದರಿಂದ ಅವನ ಮಾತಿನಲ್ಲಿ ಶಾಸ್ತ್ರದೊಡನೆ ಲೋಕವೂ ಇದೆ.

ಮೊದಲು ಸಾಲಕೊಡುವುದಕ್ಕೆ ಪೂರ್ವಭಾವಿಯಾದ ವಿಧಿಗಳನ್ನು ನೋಡೋಣ. ಬೃಹಸ್ಪತಿಯ ಮತದಂತೆ ಧನಿಕನು ಸಾಲಕ್ಕೆ ಸಮನಾದ ಆಧಿಯನ್ನಾಗಲಿ, ಯೋಗ್ಯನಾದ ಹೊಣೆಗಾರನನ್ನಾಗಲಿ ಪಡೆದು, ಪತ್ರವನ್ನು ಬರೆಯಿಸಿಯೋ ಸಾಕ್ಷಿಗಳನ್ನಿರಿಸಿಯೋ ಕೊಡತಕ್ಕದ್ದು. ಇವುಗಳಲ್ಲಿ ಮೊದಲಿನ ಜೋಡಿಯು ದ್ರವ್ಯದ ರಕ್ಷಣೆಗೆ, ಎರಡನೆಯ ಜೋಡಿಯು ಪ್ರಮಾಣದ ರಕ್ಷಣೆಗೆ. ಋಣಿಯು ಕೊಡಲಾರದೆ ಹೋಗುವುದು ಒಂದು ಅಪಾಯ. ಕೊಡಬಲ್ಲವನಾಗಿಯೂ ತಾನು ತೆಗೆದುಕೊಂಡೇ ಇಲ್ಲವೆನ್ನುವುದು ಇನ್ನೊಂದು ಅಪಾಯ. ಎರಡಕ್ಕೂ ಪರಿಹಾರವು ಬೇರೆ ಬೇರೆಯೆಂಬುದನ್ನು ಸ್ಮೃತಿಕಾರನು ಬಲ್ಲನು. ಯಾಜ್ಞವಲ್ಕ್ಯನು ಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನಗಳನ್ನೂ ಉಭಯರ ಹೆಸರು, ಗೋತ್ರ, ತಂದೆಯ ಹೆಸರುಗಳನ್ನೂ ಕಾಣಿಸಬೇಕೆಂದು ವಿಧಿಸುತ್ತಾನೆ. ಋಣಿಯು ಕಂತುಕಂತಾಗಿ ಕೊಟ್ಟುದನ್ನು ಪತ್ರದ ಬೆನ್ನಿನ ಮೇಲೆ ಬರೆಯಬೇಕು, ಇಲ್ಲವೆ ಧನಿಕನು ಸ್ವಹಸ್ತದ ಗುರುತಿನೊಡನೆ ರಸೀದಿಯನ್ನು ಕೊಡಬೇಕು. ಸಾಲವು ತೀರಿದೊಡನೆ ಪತ್ರವನ್ನು ಹರಿಯಬೇಕು. ಆದಕಾರಣ ಪತ್ರವು ಧನಿಕನಿಗೆ ಮಾತ್ರ ಕಾವಲಲ್ಲ. ಋಣಿಗೂ ಅದೇ ಕಾವಲು.

ಹೊಣೆಗಾರನನ್ನು ಶಾಸ್ತ್ರವು ಪ್ರತಿಭೂ ಎನ್ನುತ್ತದೆ. ಯಾಜ್ಞವಲ್ಕ್ಯನ ಮತದಲ್ಲಿ ಅವನು ಮೂರು ಬಗೆ. ಕರೆದಾಗ ಋಣಿಯನ್ನು ತಂದು ನಿಲ್ಲಿಸುವೆನೆಂಬವನು ದರ್ಶನಪ್ರತಿಭೂ. ಇವನು ನಂಬತಕ್ಕವನೆಂದು ಹೇಳುವವನು ಪ್ರತ್ಯಯಪ್ರತಿಭೂ. ಇವನು ಕೊಡದಿದ್ದರೆ ನಾನೇ ಕೊಡುವೆನೆಂಬವನು ದಾನಪ್ರತಿಭೂ. ಮಾತು ಸುಳ್ಳಾದರೆ ಮೊದಲಿನ ಇಬ್ಬರು ತಾವು ಮಾತ್ರ ತೆರಬೇಕು, ಅವರ ಮಕ್ಕಳಿಗೆ ಆ ಭಾರವಿಲ್ಲ. ಮೂರನೆಯವನ ಮಕ್ಕಳು ಕೂಡ ತೆರಬೇಕು. ಪ್ರತ್ಯಯಪ್ರತಿಭುವಿನ ಮಾತು ಹೇಗಿರುತ್ತದೆಂಬುದನ್ನು ವಿಜ್ಞಾನೇಶ್ವರನು ಉದಾಹರಿಸಿ ತೋರಿಸಿದ್ದಾನೆ: ಈತನು ಇಂಥವನ ಮಗ, ಈತನಿಗೆ ಫಲವತ್ತಾದ ಭೂಮಿಯುಂಟು, ವಂಚಿಸುವವನಲ್ಲವೆಂಬುದೇ ಅದರ ತಾತ್ಪರ್ಯ. ಇಂದಿನ ಬ್ಯಾಂಕುಗಳು ಋಣಿಯ ಆದಾಯವನ್ನೂ ಆಸ್ತಿಯನ್ನೂ ಹಿಂದಿನ ನಡೆವಳಿಯನ್ನೂ ಅಂಕೆಗಳಲ್ಲಿ ಅಳೆಯುವುದು ಈ ಪರೀಕ್ಷೆಯ ಇನ್ನೊಂದು ರೂಪವೇ ಸರಿ.

ಆಧಿಯೆಂದರೆ ಕನ್ನಡದ ಒತ್ತೆ. ಬರಿದೆ ಕಾಪಾಡತಕ್ಕದ್ದು ಗೋಪ್ಯಾಧಿ, ಬಡ್ಡಿಗೆ ಬದಲಾಗಿ ಅನುಭವಿಸತಕ್ಕದ್ದು ಭೋಗ್ಯಾಧಿ. ಈ ಎರಡನೆಯ ಶಬ್ದವು ನಮ್ಮ ನಾಡಿನಲ್ಲಿ ಇನ್ನೂ ಜೀವಂತವಾಗಿದೆ. ಮನೆಯ ಒಡೆಯನಿಗೆ ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ತೀರಿದಾಗ ಅದೇ ಮೊತ್ತವನ್ನು ಹಿಂದಕ್ಕೆ ಪಡೆಯುವ ಏರ್ಪಾಡನ್ನು ಬೆಂಗಳೂರು ಮೈಸೂರುಗಳ ಜನರು ಭೋಗ್ಯವೆಂದೇ ಕರೆಯುತ್ತಾರೆ. ಅಲ್ಲಿ ಬಡ್ಡಿಯೂ ಬಾಡಿಗೆಯೂ ಒಂದನ್ನೊಂದು ನುಂಗಿರುತ್ತವೆ. ಧನಿಕನು ಗೋಪ್ಯಾಧಿಯನ್ನು ತಾನು ಬಳಸಿದರೆ ಅವನಿಗೆ ಬಡ್ಡಿಯಿಲ್ಲ. ದೈವದಿಂದಲೋ ರಾಜನಿಂದಲೋ ಆದುದಲ್ಲದೆ ಅದು ಕಳೆದುಹೋದರೆ ಅವನೇ ತುಂಬಿಕೊಡಬೇಕು. ಕಾಪಾಡುತ್ತಿದ್ದರೂ ಆಧಿಯ ಸಾರವು ಕುಗ್ಗಿಹೋದರೆ ಋಣಿಯು ಬೇರೊಂದು ಆಧಿಯನ್ನಿಡಬೇಕು, ಇಲ್ಲವೆ ಹಣವನ್ನು ಸಲ್ಲಿಸಬೇಕು. ಒಂದೇ ವಸ್ತುವನ್ನು ಇಬ್ಬರಲ್ಲಿ ಒತ್ತೆಯಿಟ್ಟರೆ ಮೊದಲಿನದೇ ಬಲವತ್ತರ. ಒತ್ತೆಯ ಬೆಲೆ ಸ್ಥಿರವಲ್ಲ, ಅದನ್ನು ಆಗಾಗ ನೋಡುತ್ತಿರಬೇಕೆಂಬ ಸೂಕ್ಷ್ಮವು ಇಲ್ಲಿ ಸ್ಪಷ್ಟವಾಗಿದೆ.

ಇನ್ನು ಬಡ್ಡಿಯ ವಿಷಯ. ಆಧಿಯಿರುವ ಸಾಲಕ್ಕೆ ತಿಂಗಳಿಗೆ ಮೂಲದ ೮೦ನೆಯ ಒಂದು ಭಾಗ, ಎಂದರೆ ನೂರಕ್ಕೆ ಒಂದೂಕಾಲು, ವರ್ಷಕ್ಕೆ ೧೫. ವ್ಯಾಸನದೆಂದು ನಿಬಂಧಕಾರರು ಉದಾಹರಿಸುವ ವಚನದಂತೆ ಆಧಿಯಿದ್ದರೆ ೮೦ನೆಯ ಭಾಗ, ಹೊಣೆ ಮಾತ್ರವಿದ್ದರೆ ೬೦ನೆಯ ಭಾಗ, ಯಾವ ಆಧಾರವೂ ಇಲ್ಲದಿದ್ದರೆ ನೂರಕ್ಕೆ ೨. ಆಧಾರವು ಸಡಿಲವಾದಂತೆ ಬಡ್ಡಿಯು ಏರುತ್ತದೆ. ಯಾಜ್ಞವಲ್ಕ್ಯನು ಇನ್ನೂ ಮುಂದುವರಿದು, ಕಾಡುದಾರಿಗಳಲ್ಲಿ ವ್ಯಾಪಾರಕ್ಕೆ ಹೋಗುವವರು ನೂರಕ್ಕೆ ೧೦ನ್ನೂ ಕಡಲ ವ್ಯಾಪಾರಿಗಳು ನೂರಕ್ಕೆ ೨೦ನ್ನೂ ತಿಂಗಳು ತಿಂಗಳಿಗೆ ಕೊಡಬೇಕೆನ್ನುತ್ತಾನೆ. ೧೯೦೯ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳವರು ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿಯೂ ಇವೇ ಅಂಕೆಗಳು ಕಾಣುತ್ತವೆ: ಧರ್ಮ್ಯವಾದುದು ಒಂದೂಕಾಲು, ವ್ಯಾವಹಾರಿಕವಾದುದು ೫, ಕಾಡಿನವರಿಗೆ ೧೦, ಕಡಲಿನವರಿಗೆ ೨೦.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ತಿಂಗಳಿಗೆ ೨೦ ಎಂದರೆ ವರ್ಷಕ್ಕೆ ೨೪೦, ಇದು ಸುಲಿಗೆಯಲ್ಲವೆ? ಇದಕ್ಕೆ ವಿಜ್ಞಾನೇಶ್ವರನ ಸಮಾಧಾನವು ಚಿಕ್ಕದು, ಆದರೆ ಸಾರವತ್ತಾದುದು. ಅಧಿಕಲಾಭದ ಆಸೆಯಿಂದ ಪ್ರಾಣಕ್ಕೂ ಧನಕ್ಕೂ ಅಪಾಯವಿರುವೆಡೆಗೆ ಸಾಲದ ಹಣವನ್ನು ಕೊಂಡೊಯ್ಯುವವರಿಂದ ಅಷ್ಟು ಪಡೆಯುವುದಕ್ಕೆ ಕಾರಣ, ಅಲ್ಲಿ ಬಡ್ಡಿ ಮಾತ್ರವಲ್ಲದೆ ಮೂಲವೇ ನಾಶವಾದೀತೆಂಬ ಶಂಕೆಯುಂಟೆಂಬುದೇ. ಋಣಿಯ ಸಾಲವನ್ನು ಮಗನು ತೀರಿಸಬೇಕೆಂಬ ವಿಧಿಯುಂಟು, ನಿಜ. ಆದರೆ ಸರಕಿನೊಡನೆ ತಂದೆಯು ಕಡಲಪಾಲಾದ ಮೇಲೆ ಮನೆಯಲ್ಲಿ ಏನಾದರೂ ಉಳಿದಿರಬೇಕಷ್ಟೆ. ಹೀಗೆ ಒಂದೂಕಾಲಕ್ಕೂ ೨೦ಕ್ಕೂ ನಡುವಣ ಅಂತರವು ಧನಿಕನ ಲೋಭದ ಅಳತೆಯಲ್ಲ, ಮೂಲನಾಶಶಂಕೆಯ ಅಳತೆ. ಬಡ್ಡಿಯ ಒಂದು ಭಾಗವು ಕಾಲದ ಬೆಲೆ, ಮಿಕ್ಕುದು ಶಂಕೆಯ ಬೆಲೆಯೆಂದು ಇದರಿಂದ ಸಿದ್ಧವಾಗುತ್ತದೆ.

ಈ ಬೆಲೆಗೆ ಶಾಸ್ತ್ರವು ಎಲ್ಲೆಯನ್ನೂ ಕಟ್ಟಿದೆ. ಒಮ್ಮೆಗೇ ಪಡೆಯುವ ಬಡ್ಡಿಯು ಮೂಲವನ್ನು ಮೀರಬಾರದು, ಒಟ್ಟು ಮೊತ್ತವು ಇಮ್ಮಡಿಯಲ್ಲಿ ನಿಲ್ಲಬೇಕು. ಬೊಂಬಾಯಿ ಪ್ರಾಂತ್ಯದ ನ್ಯಾಯಾಲಯಗಳು ದಾಮದುಪ್ಪಟವೆಂದು ಎತ್ತಿಹಿಡಿದುದು ಇದನ್ನೇ. ಈ ಎಲ್ಲೆಯನ್ನು ಮೇಲಿನ ಅಂಕೆಗಳೊಡನೆ ಸೇರಿಸಿ ಲೆಕ್ಕ ಹಾಕಿದರೆ ವಿಶೇಷವೊಂದು ಹೊರಪಡುತ್ತದೆ. ಒಂದೂಕಾಲರ ಬಡ್ಡಿಯು ಮೂಲಕ್ಕೆ ಸಮನಾಗುವುದಕ್ಕೆ ೮೦ ತಿಂಗಳು, ೨ರದಕ್ಕೆ ೫೦, ೫ರದಕ್ಕೆ ೨೦, ೧೦ರದಕ್ಕೆ ೧೦, ೨೦ರದಕ್ಕೆ ಕೇವಲ ೫ ತಿಂಗಳು. ಎಂದರೆ ಒತ್ತೆಯಿಟ್ಟ ಗೃಹಸ್ಥನ ಸಾಲವು ಆರು ವರ್ಷ ಎಂಟು ತಿಂಗಳ ಕಾಲ ಬೆಳೆಯಬಲ್ಲದು. ಕಡಲಿನವನ ಸಾಲವು ಐದನೆಯ ತಿಂಗಳಲ್ಲಿಯೇ ಬೆಳೆಯುವುದನ್ನು ನಿಲ್ಲಿಸುತ್ತದೆ. ಹೆಚ್ಚು ಬಡ್ಡಿಯನ್ನು ಕೇಳುವವನು ಅಷ್ಟು ಬೇಗನೆ ಗಡಿಯನ್ನು ಮುಟ್ಟುವನು. ಆದ್ದರಿಂದ ಅಪಾಯದ ಸಾಲವನ್ನು ಕೊಡುವವನು ಯಾನವು ಎಷ್ಟು ಕಾಲದ್ದು, ಹೋಗುವವನು ಎಂಥವನು ಎಂಬುದನ್ನು ಮೊದಲೇ ತೂಗಿ ನೋಡಬೇಕಾಗುತ್ತದೆ. ಕೊಟ್ಟು ಕುಳಿತು ಬಡ್ಡಿಯನ್ನು ಬೆಳೆಯಿಸುವ ದಾರಿಯು ಅವನಿಗೆ ಮುಚ್ಚಿಹೋಗಿದೆ.

ಆದರೆ ಈ ಎಲ್ಲೆಯು ಬಿರುಕಿಲ್ಲದ ಗೋಡೆಯಲ್ಲವೆಂಬುದನ್ನೂ ಹೇಳಲೇಬೇಕು. ತಿಂಗಳು ತಿಂಗಳಿಗೆ ಬಡ್ಡಿಯನ್ನು ಪಡೆಯುತ್ತಿದ್ದರೂ, ಹಳೆಯ ಸಾಲಕ್ಕೆ ಹೊಸ ಒಪ್ಪಂದವನ್ನು ಮಾಡಿಕೊಂಡರೂ ಒಟ್ಟಿನ ಮೇಲೆ ಇಮ್ಮಡಿಯನ್ನು ಮೀರಬಹುದೆಂದು ವಿಜ್ಞಾನೇಶ್ವರನೇ ಒಪ್ಪುತ್ತಾನೆ. ಪತ್ರವನ್ನು ಮತ್ತೆ ಮತ್ತೆ ಹೊಸದಾಗಿಸಿ ಬಡ್ಡಿಯನ್ನು ಮೂಲಕ್ಕೆ ಸೇರಿಸುವ ಚಾತುರ್ಯಕ್ಕೆ ಇಲ್ಲಿ ಅವಕಾಶವು ಉಳಿಯಿತು.

ಇದಕ್ಕಿಂತ ದೊಡ್ಡ ಆಕ್ಷೇಪವು ಇನ್ನೊಂದುಂಟು. ಒತ್ತೆಯಿಲ್ಲದ ಸಾಲಕ್ಕೆ ಬ್ರಾಹ್ಮಣಾದಿ ವರ್ಣಕ್ರಮದಿಂದ ನೂರಕ್ಕೆ ೨, ೩, ೪, ೫ ಎಂದು ಮನುವೂ ಯಾಜ್ಞವಲ್ಕ್ಯನೂ ವಿಧಿಸಿದ್ದಾರೆ. ಶೂದ್ರನ ಸಾಲವು ಬ್ರಾಹ್ಮಣನ ಸಾಲಕ್ಕಿಂತ ಎರಡೂವರೆ ಪಾಲು ಶೀಘ್ರವಾಗಿ ಬೆಳೆಯುವುದಕ್ಕೆ ಮೂಲನಾಶಶಂಕೆಯು ಕಾರಣವೆ? ಹಾಗೆಂದು ಯಾರೂ ತೋರಿಸಿಲ್ಲ. ಕಾಡು, ಕಡಲು, ಒತ್ತೆ, ಹೊಣೆ ಇವು ಪರೀಕ್ಷೆಗೆ ಒಳಪಡುವ ಹೇತುಗಳು. ಹುಟ್ಟು ಅಂಥ ಹೇತುವಲ್ಲ. ಕಾಡು ಕಡಲುಗಳ ಬಡ್ಡಿಯನ್ನು ಹೇಳುವೆಡೆಯಲ್ಲಿಯೇ ಯಾಜ್ಞವಲ್ಕ್ಯನು, ಎಲ್ಲ ಜಾತಿಗಳವರೂ ತಾವು ಒಪ್ಪಿದ ಬಡ್ಡಿಯನ್ನು ಕೊಡಬಹುದೆಂದು ಸೇರಿಸುತ್ತಾನೆ. ಕೌಟಿಲ್ಯನ ದರಗಳಲ್ಲಿ ವರ್ಣದ ಸೊಲ್ಲೇ ಇಲ್ಲ. ಆದಕಾರಣ ವರ್ಣಕ್ರಮದ ಬಡ್ಡಿಯನ್ನು ಬಿಟ್ಟರೂ ಪ್ರಕರಣದ ಯುಕ್ತಿಗೆ ಕುಂದಿಲ್ಲವೆಂದು ನನ್ನ ಅಭಿಪ್ರಾಯ. ವಸೂಲಿಯಲ್ಲಿಯೂ ಇದೇ ದೋಷವು ತಲೆಯಿಕ್ಕಿದೆ. ದರಿದ್ರನಾದ ಬ್ರಾಹ್ಮಣನಿಂದ ಅವನಿಗೆ ಆದಾಯ ಬಂದಂತೆ ಮೆಲ್ಲಮೆಲ್ಲನೆ ಪಡೆಯಬೇಕು. ಹೀನಜಾತಿಯವನೆನಿಸಿಕೊಂಡ ದರಿದ್ರನಿಂದ ದುಡಿಸಿಕೊಂಡು ಪಡೆಯಬಹುದು. ಸಾಲವು ಜೀತವಾಗುವುದು ಈ ಬಾಗಿಲಿನಿಂದಲೇ. ಅದನ್ನು ಮುಚ್ಚುವುದಕ್ಕೆ ೧೯೭೬ರ ಜೀತಪದ್ಧತಿ ನಿರ್ಮೂಲನದ ಕಾನೂನು ಬರಬೇಕಾಯಿತು. ಶಾಸ್ತ್ರವನ್ನು ಗೌರವಿಸುವ ನಾವು ಇದನ್ನು ಮರೆಮಾಚುವುದು ಯುಕ್ತವಲ್ಲ.

ಈ ದೋಷವನ್ನು ತಿದ್ದತಕ್ಕ ನ್ಯಾಯವೂ ಅದೇ ಶಾಸ್ತ್ರದಲ್ಲಿದೆ. ರೋಗದಲ್ಲಿಯೋ ಗುರುಕುಲವಾಸದಲ್ಲಿಯೋ ದೀರ್ಘವಾದ ಯಾಗದಲ್ಲಿಯೋ ಸಿಕ್ಕಿಕೊಂಡವನ ಮೇಲೂ, ಬಾಲಕನ ಮೇಲೂ, ನಿರ್ಗತಿಕನ ಮೇಲೂ ಬಡ್ಡಿಯು ಬೆಳೆಯದೆಂದು ಕೌಟಿಲ್ಯನು ಹೇಳುತ್ತಾನೆ. ಅಲ್ಲಿ ಜಾತಿಯ ವಿಚಾರವಿಲ್ಲ. ವಿಧಿಸಿದ ಬಡ್ಡಿಯನ್ನು ಮೀರಿದವನಿಗೆ ದಂಡವುಂಟು. ಋಣಿಯು ಕೊಡಬಂದ ಹಣವನ್ನು ಧನಿಕನು ಬಡ್ಡಿಯಾಸೆಯಿಂದ ತೆಗೆದುಕೊಳ್ಳದಿದ್ದರೆ, ಅದನ್ನು ಮಧ್ಯಸ್ಥನಲ್ಲಿ ಇರಿಸಿದ ಮೇಲೆ ಬಡ್ಡಿಯು ಬೆಳೆಯದೆಂದು ಯಾಜ್ಞವಲ್ಕ್ಯನ ವಿಧಿ. ಇವುಗಳನ್ನೆಲ್ಲ ಕೂಡಿಸಿ ನೋಡಿದರೆ ಸಿದ್ಧಾಂತವು ಹೀಗೆ ನಿಲ್ಲುತ್ತದೆ: ಅಪಾಯವನ್ನು ಅಳೆಯತಕ್ಕ ಕಾಲವು ಸಾಲ ಕೊಡುವ ಕಾಲ. ಆಗ ಒತ್ತೆಯನ್ನೂ ಹೊಣೆಯನ್ನೂ ನೋಡಿ, ಶಂಕೆಯಿದ್ದಷ್ಟು ಬೆಲೆಯನ್ನು ಬಡ್ಡಿಯಲ್ಲಿ ಸೇರಿಸಿಕೊಂಡವನು ಆ ಅಪಾಯವನ್ನು ತಾನೇ ಕ್ರಯಕ್ಕೆ ಕೊಂಡಂತಾಯಿತು. ಶಂಕೆಯ ಬೆಲೆಯನ್ನು ಪಡೆದು, ಶಂಕಿಸಿದುದು ಸಂಭವಿಸಿದಾಗ ಋಣಿಯ ಮೈಮೇಲೆ ಬೀಳುವುದು ಒಂದೇ ವಸ್ತುವಿಗೆ ಎರಡು ಸಲ ಬೆಲೆ ಪಡೆದಂತೆ.

ಇದು ಹಳೆಯ ಪುಸ್ತಕದ ಚರ್ಚೆ ಮಾತ್ರವಲ್ಲ. ಕಿರುಸಾಲಗಳ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯುವುದಕ್ಕಾಗಿ ಕರ್ನಾಟಕ ಸರ್ಕಾರವು ೨೦೨೫ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಒತ್ತೆಯಿಲ್ಲವೆಂಬ ಕಾರಣದಿಂದಲೇ ಆ ಸಾಲಗಳಿಗೆ ಬಡ್ಡಿಯು ಹೆಚ್ಚು. ಎಂದರೆ ಮೂಲನಾಶಶಂಕೆಯ ಬೆಲೆಯು ಅವುಗಳಲ್ಲಿ ಮೊದಲೇ ಸೇರಿದೆ. ಹಾಗಿದ್ದೂ ಬಡವರ ಮನೆಬಾಗಿಲಿನಲ್ಲಿ ಕುಳಿತು ಬೆದರಿಸುವುದಾದರೆ, ಕಲ್ಯಾಣದ ಆ ಪಂಡಿತನು ಹೇಳಿದ ಹೇತುವನ್ನು ನಾವಿನ್ನೂ ಅರ್ಥಮಾಡಿಕೊಂಡಿಲ್ಲವೆಂದೇ ಹೇಳಬೇಕು. ಮಿತಾಕ್ಷರೆಯನ್ನು ದಾಯಭಾಗಕ್ಕಾಗಿ ಮಾತ್ರ ಓದುವ ರೂಢಿಯನ್ನು ಬಿಟ್ಟು ಋಣಾದಾನವನ್ನೂ ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕೆಂದೂ, ಇಲ್ಲಿ ಸ್ಖಾಲಿತ್ಯಗಳಿದ್ದರೆ ತಿದ್ದಬೇಕೆಂದೂ ವಿದ್ವಜ್ಜನರಲ್ಲಿ ವಿಜ್ಞಾಪಿಸಿಕೊಂಡು ವಿರಮಿಸುತ್ತೇನೆ.